ಒತ್ತಕ್ಷರಕ್ಕೆ ಬೇಕಾದ ಜಾಗ

ಅಕ್ಷರದ ಸ್ಪಷ್ಟತೆ ಅದರ ಆಕಾರಕ್ಕಷ್ಟೇ ಸೇರಿದ ಗುಣವಲ್ಲ, ಅದನ್ನು ಹೊತ್ತ ಮೇಲ್ಮೈಗೂ ಸೇರಿದ್ದು ಎಂಬುದಕ್ಕೆ ಕೊಪ್ಪಳದ ಎರಡು ಬಂಡೆಗಳು ಕೊಡುವಷ್ಟು ನೇರವಾದ ಸಾಕ್ಷ್ಯ ಬೇರೆಡೆ ಸಿಗುವುದು ಕಷ್ಟ. ಗವಿಮಠದ ಗುಡ್ಡದಲ್ಲಿಯೂ ಊರಿಗೆ ಹತ್ತಿರದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರು ಬಂಡೆಶಾಸನದ ಪಾಠವನ್ನು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ಕೊರೆಯಿಸಲಾಯಿತು. 1931ರಲ್ಲಿ ಅವೆರಡೂ ವಿದ್ವಾಂಸರ ಗಮನಕ್ಕೆ ಬಂದವು, ಕೊಪ್ಪಳವು ಆಗ ನಿಜಾಮರ ಸಂಸ್ಥಾನದೊಳಗೆ ಸಾಲಾರ್ ಜಂಗರ ಜಹಗೀರಾಗಿದ್ದುದರಿಂದ ಮರುವರ್ಷ ಆರ್. ಎಲ್. ಟರ್ನರ್ ಅವರ ಸಂಪಾದನೆಯಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯ ಪುಸ್ತಕವಾಗಿ ಹೊರಬಂದವು. ಮೇಲೆ ಚಾಚಿಕೊಂಡ ಬಂಡೆಯ ಆಸರೆ ಸಿಕ್ಕಿದ ಗವಿಮಠದ ಪ್ರತಿ ಇಂದಿಗೂ ಓದುವಂತಿದೆ. ಪಾಲ್ಕಿಗುಂಡಿನ ಪ್ರತಿಯಾದರೋ ಸವೆದುಹೋಗಿದ್ದು, ಅದನ್ನು ಗವಿಮಠದ ಪಾಠವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಗುತ್ತದೆ. ಅರಸ ಒಬ್ಬನೇ, ಆಜ್ಞೆ ಒಂದೇ, ಲಿಪಿಯೂ ಒಂದೇ. ಬೇರೆಯಾದದ್ದು ಕಲ್ಲು ಮತ್ತು ಅದರ ಮೇಲೆ ಬಿದ್ದ ಮಳೆ.

ಗಣಕದ ಪರದೆಯೂ ಅಕ್ಷರವನ್ನು ಹೊರುವ ಮೇಲ್ಮೈಯೇ, ಆದರೆ ಅದು ಬಂಡೆಯಂತೆ ಅಖಂಡವಾದುದಲ್ಲ. ಪಿಕ್ಸೆಲ್ ಎಂದು ಕರೆಯಲಾಗುವ ಅತಿ ಸಣ್ಣ ಚೌಕಗಳ ಅಡ್ಡಸಾಲು, ಕಂಬಸಾಲುಗಳಿಂದ ಅದು ರಚಿತವಾಗಿದೆ, ಹಾಗೂ ಈ ಸಾಲುಗಳ ಎಣಿಕೆಯನ್ನೇ ರೆಸಲ್ಯೂಷನ್ ಎನ್ನುತ್ತಾರೆ. ಶಾಲೆ, ಕಚೇರಿ, ಝೆರಾಕ್ಸ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 18.5 ಇಂಚಿನ ಎಲ್‌ಸಿಡಿ ಮಾನಿಟರಿನಲ್ಲಿ ಕಾರ್ಖಾನೆಯಲ್ಲಿಯೇ 1366 ಕಂಬಸಾಲುಗಳೂ 768 ಅಡ್ಡಸಾಲುಗಳೂ ಸ್ಥಿರಗೊಂಡಿರುತ್ತವೆ. ಗಣಕವು ಅದಕ್ಕೆ ಅಷ್ಟೇ ಸಾಲುಗಳ ಚಿತ್ರವನ್ನು ಕಳುಹಿಸಿದರೆ ಒಂದು ಚೌಕಕ್ಕೆ ಒಂದು ಚುಕ್ಕಿ ಸರಿಯಾಗಿ ಕೂರುತ್ತದೆ. 1024 ಅಡ್ಡ 768ರ ಚಿತ್ರವನ್ನು ಕಳುಹಿಸಿತೆಂದರೆ ಎತ್ತರದಲ್ಲಿ ವ್ಯತ್ಯಾಸವಾಗದಿದ್ದರೂ ಅಗಲದಲ್ಲಿ ಪ್ರತಿ ಮೂರು ಸಾಲಿನ ಸರಕು ನಾಲ್ಕು ಸಾಲಿಗೆ ಹಂಚಿಹೋಗಬೇಕಾಗುತ್ತದೆ, ಅದು ಮೂವರಿಗೆ ಮಾಡಿದ ಸಾರನ್ನು ನೀರು ಬೆರೆಸಿ ನಾಲ್ವರಿಗೆ ಬಡಿಸಿದಂತೆ. ಗೆರೆಯ ಕಪ್ಪು ತೆಳುವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ, ಠಕಾರದ ದುಂಡು ಅಡ್ಡಕ್ಕೆ ಹಿಗ್ಗುತ್ತದೆ, ನೋಡುವವರು ಕನ್ನಡಕದ ಅಂಗಡಿಯ ದಾರಿ ಹಿಡಿಯುತ್ತಾರೆ.

ಈ ತೊಂದರೆ ಎಲ್ಲ ಲಿಪಿಗಳಿಗೂ ಸಮಾನವಾಗಿ ತಟ್ಟುವುದಿಲ್ಲ, ಒಂದೇ ಲಿಪಿಯ ಎಲ್ಲ ಪದಗಳಿಗೂ ತಟ್ಟುವುದಿಲ್ಲ. ಇದನ್ನು ಪರೀಕ್ಷಿಸಲು ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳ ಹೆಸರುಗಳೇ ಸಾಕು. ಗಂಗಾವತಿ ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ. ಎಷ್ಟೇ ಮಸುಕಾದ ಪರದೆಯಲ್ಲಿಯೂ ಅದು ತನ್ನ ಸೋನಾಮಸೂರಿ ಅಕ್ಕಿಯ ಚೀಲದ ಮೇಲಿದ್ದಂತೆಯೇ ನಿಶ್ಚಿಂತೆಯಿಂದ ಕಾಣಿಸಿಕೊಳ್ಳುತ್ತದೆ. ಕೊಪ್ಪಳದಲ್ಲಿ ಪಕಾರದ ಕೆಳಗೆ ಇನ್ನೊಂದು ಪಕಾರ ತೂಗಬೇಕು. ಕುಷ್ಟಗಿಯಲ್ಲಿ, ಹೊಟ್ಟೆಯಲ್ಲಿಯೇ ಗೆರೆ ಇಟ್ಟುಕೊಂಡ ಷಕಾರದ ಅಡಿಯಲ್ಲಿ ಟಕಾರದ ಒತ್ತು ಬರಬೇಕು, ಆ ಷಕಾರಕ್ಕಾದರೂ ಕುಕಾರದ ಕೊಂಬಿನ ಪಕ್ಕದಲ್ಲಿಯೇ ಜಾಗ ಸಿಗಬೇಕು. ಯಲಬುರ್ಗಾದ ಅರ್ಕಾವತ್ತು ಕೆಳಗಿಳಿಯದೆ ಬಲಕ್ಕೆ ನಿಲ್ಲುವುದರಿಂದ ಎತ್ತರವನ್ನು ಕೇಳುವುದಿಲ್ಲವಾದರೂ, ಮಸುಕಾದಾಗ ಅದನ್ನು ಒಂಬತ್ತರ ಅಂಕಿಯಿಂದ ಬೇರ್ಪಡಿಸುವುದು ಸುಲಭವಲ್ಲ. 11 ಪಾಯಿಂಟಿನ ಅಕ್ಷರಕ್ಕೆ, ಇಂಚಿಗೆ 96 ಚುಕ್ಕಿಗಳೆಂಬ ರೂಢಿಯ ಲೆಕ್ಕದಲ್ಲಿ, ದೊರೆಯುವ ಒಟ್ಟು ಎತ್ತರ ಸುಮಾರು 15 ಪಿಕ್ಸೆಲ್ ಮಾತ್ರ. ಇಂಗ್ಲಿಷಿನ ಅಕ್ಷರ ಅಷ್ಟರಲ್ಲಿ ಆರಾಮವಾಗಿ ಕೂತರೆ, ಕನ್ನಡವು ಅದೇ ಜಾಗದಲ್ಲಿ ತಲೆಕಟ್ಟು, ಗುಣಿತದ ಚಿಹ್ನೆ, ಅಕ್ಷರದ ಒಡಲು, ಒತ್ತು ಇವೆಲ್ಲವನ್ನೂ ತುಂಬಬೇಕಾಗುತ್ತದೆ. ಬಕಾರಕ್ಕೂ ಭಕಾರಕ್ಕೂ, ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಬುಡದ ಒಂದು ಸಣ್ಣ ಸೀಳು. ಅದು ಮುಚ್ಚಿಹೋದರೆ ಮಹಾಪ್ರಾಣವೇ ಹೋಯಿತು. ಜಿಲ್ಲೆಗೆ ಆಮೇಲೆ ಸೇರಿದ ತಾಲ್ಲೂಕುಗಳಾದ ಕುಕನೂರು, ಕನಕಗಿರಿ, ಕಾರಟಗಿಗಳಲ್ಲಿ ಒಂದಕ್ಕೂ ಒತ್ತಕ್ಷರವಿಲ್ಲದಿರುವುದು ಆಡಳಿತದ ದೂರದೃಷ್ಟಿಯೆಂದು ಹೇಳಲು ಬರುವುದಿಲ್ಲ, ಆದರೂ ಪರದೆಯ ಮುಂದೆ ಕೂರುವ ಗುಮಾಸ್ತರು ಅದನ್ನು ಉಪಕಾರವೆಂದೇ ಎಣಿಸಬಹುದು.

ಈ ಸಮಸ್ಯೆ ಗಣಕದೊಂದಿಗೆ ಹುಟ್ಟಿದ್ದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸಿರಾಂಪುರದಲ್ಲಿ ಅಚ್ಚಾದ ಕಾಲದಿಂದಲೂ ಕನ್ನಡದ ಮುದ್ರಕರು ಒತ್ತಕ್ಷರಗಳ ಜಾಗಕ್ಕಾಗಿ ಹೆಣಗಿದ್ದಾರೆ. ಪ್ರಸ್ತುತ ಲೇಖಕನ ತಂದೆಯವರು ಕೊಪ್ಪಳದ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ಸೀಸದ ಅಕ್ಷರಗಳನ್ನು ಖಾನೆಗಳಿಂದ ಹೆಕ್ಕಿ ಕನ್ನಡಿಯಲ್ಲಿ ನೋಡಿದಂತೆ ತಿರುಗುಮುರುಗಾಗಿ ಓದುತ್ತ ಸಾಲುಗಟ್ಟುತ್ತಿದ್ದ ಆ ಕಸುಬಿನಲ್ಲಿ ಒತ್ತುಗಳಿಗೆ ಬೇರೆಯೇ ಮೊಳೆಗಳಿದ್ದವು, ಸಣ್ಣವಾದ್ದರಿಂದ ಅವೇ ಮೊದಲು ಸವೆಯುತ್ತಿದ್ದವು, ಅವೇ ಮೊದಲು ಕಳೆದುಹೋಗುತ್ತಿದ್ದವು. ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆಯ ಕರಡನ್ನು ಹಿಡಿದುಕೊಂಡು ಅವರು ನೋಡುತ್ತಿದ್ದುದು ವರನ ಹೆಸರನ್ನಲ್ಲ, ಊರಿನ ಹೆಸರನ್ನು. “ಒತ್ತು ಹೋದ್ರ ಊರ ಹೋತು” ಎಂಬುದು ಅವರ ಮಾತು. ಕುಷ್ಟಗಿಯ ಬೀಗರು ಕುಷಗಿಯ ಬೀಗರಾಗಿ ಅಚ್ಚಾದರೆ ಊಟದ ಪಂಕ್ತಿಯವರೆಗೂ ಆ ಮಾತು ಬೆಳೆಯುತ್ತದೆಂಬುದು ಮುದ್ರಣಾಲಯದವರಿಗೆಲ್ಲ ತಿಳಿದಿತ್ತು. ತಂದೆಯವರು ಸಾಲುಗಳ ನಡುವೆ ತೆಳುವಾದ ಸೀಸದ ಪಟ್ಟಿಯನ್ನು ಧಾರಾಳವಾಗಿ ಸೇರಿಸುತ್ತಿದ್ದರು. ಮಾಲೀಕರು ಕಾಗದ ಹಾಳಾಗುತ್ತದೆಂದು ಗೊಣಗಿದರೂ ಒತ್ತು ಉಸಿರಾಡಬೇಕೆಂಬ ಹಟವನ್ನು ಅವರು ಬಿಡಲಿಲ್ಲ.

ಮಗನ ಪಾಲಿಗೆ ಬಂದದ್ದು ಸೀಸವಲ್ಲ, ಲಿನಕ್ಸ್. ಸಂಕೇತವನ್ನು ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಈ ಕಾರ್ಯಾಚರಣ ವ್ಯವಸ್ಥೆ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಅಪರಿಚಿತವೇನಲ್ಲ. ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನೇ ಕಲಿಸಲಾಗುತ್ತಿತ್ತು. ಕುಷ್ಟಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ಲೇಖಕನು ಮನೆಗೆ ತಂದುಕೊಂಡ ಹಳೆಯ ಡೆಸ್ಕ್‌ಟಾಪಿನಲ್ಲಿಯೂ ಲಿನಕ್ಸ್ ಮಿಂಟ್ ಹಾಕಿಸಿದ್ದನು. ಅದರಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವಾಗ ಅಕ್ಷರಗಳು ಮಸುಕಾಗಿಯೂ ಅಡ್ಡಡ್ಡವಾಗಿಯೂ ಕಾಣತೊಡಗಿದಾಗ ಮನೆಯವರು ವಯಸ್ಸಿನತ್ತ ಬೊಟ್ಟು ಮಾಡಿದರು, ಸಹೋದ್ಯೋಗಿಗಳು ಲಿನಕ್ಸಿನತ್ತ. ಸೆಟ್ಟಿಂಗಿನಲ್ಲಿ ಡಿಸ್‌ಪ್ಲೇ ಎಂಬಲ್ಲಿ ನೋಡಿದರೆ 1024 ಅಡ್ಡ 768ಕ್ಕಿಂತ ಮೇಲಿನ ಸಂಖ್ಯೆಯೇ ಪಟ್ಟಿಯಲ್ಲಿರಲಿಲ್ಲ. ರಿಪೇರಿಯ ಹುಡುಗನೊಬ್ಬ ಬಂದು, ಗಣಕವನ್ನು ಮುಟ್ಟದೆ ಅದರ ಬೆನ್ನಿಗೆ ಸಿಕ್ಕಿಸಿದ್ದ ನೀಲಿ ತಲೆಯ ತಂತಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, “ಸರ, ಮಾನಿಟರಿಗೇನೂ ಧಾಡಿ ಆಗಿಲ್ರಿ, ವೈರ್ ಒಂದ್ ಬದ್ಲಿ ಮಾಡ್ರಿ” ಎಂದನು.

ಆ ಹುಡುಗನ ಮಾತಿನ ಹಿಂದೆ ಸಾಕಷ್ಟು ಚರಿತ್ರೆಯಿದೆ. ವಿಜಿಎ ಎಂಬ ಹದಿನೈದು ಸೂಜಿಗಳ ಈ ಜೋಡಣೆಯನ್ನು ಐಬಿಎಂ 1987ರಲ್ಲಿ ತಂದಾಗ ಅದರ ಮೂಲ ಅಳತೆ 640 ಅಡ್ಡ 480. ಮಾನಿಟರು ತನ್ನ ಅಳತೆಯನ್ನು ತಾನೇ ಗಣಕಕ್ಕೆ ಹೇಳಿಕೊಳ್ಳುವ ಏರ್ಪಾಡು, ಅಂದರೆ ಈಡಿಐಡಿ ಎಂಬ ಪುಟ್ಟ ಮಾಹಿತಿಪಟ್ಟಿ, 1994ರಲ್ಲಿ ಬಂದಿತು, ಮತ್ತು ಅದು ಸಾಗಬೇಕಾದದ್ದು ಅದೇ ತಂತಿಯ 12 ಮತ್ತು 15ನೆಯ ಸೂಜಿಗಳ ಮೂಲಕ. ಅಗ್ಗದ ತಂತಿಗಳಲ್ಲಿ ಈ ಎಳೆಗಳನ್ನು ಹಾಕದೆ ಉಳಿಸುವುದುಂಟು. ಚಿತ್ರ ಬರುತ್ತದೆ, ಬಣ್ಣ ಬರುತ್ತದೆ, ಆದರೆ ಎದುರಿಗಿರುವ ಮಾನಿಟರು ಎಷ್ಟು ದೊಡ್ಡದೆಂಬುದು ಗಣಕಕ್ಕೆ ತಿಳಿಯುವುದೇ ಇಲ್ಲ, ತಿಳಿಯದಾಗ ಅದು ಯಾವ ಮಾನಿಟರಿಗೂ ಅಪಾಯವಾಗದ ಹಳೆಯ ಅಳತೆಯೊಂದಕ್ಕೆ ಇಳಿದುಬಿಡುತ್ತದೆ. ತಂತಿ ಕೂಡಲೇ ಸಿಗದ ಊರಿನಲ್ಲಿ ಇನ್ನೊಂದು ಉಪಾಯವಿದೆ: ಸಿವಿಟಿ ಎಂಬ ಆದೇಶದಿಂದ ಬೇಕಾದ ಅಳತೆಯ ಸಮಯಸೂತ್ರವನ್ನು ಲೆಕ್ಕ ಹಾಕಿಸಿ, ಎಕ್ಸ್‌ರ‍್ಯಾಂಡರ್ ಎಂಬ ಆದೇಶದಿಂದ ಅದನ್ನು ಪರದೆಗೆ ಹೇರುವುದು. ಇಲ್ಲಿಯೂ ಒಂದು ತಮಾಷೆ ಕಾದಿರುತ್ತದೆ. ಸಿವಿಟಿಯ ಸೂತ್ರ ಅಗಲವನ್ನು ಎಂಟರ ಗುಣಕಕ್ಕೆ ಹೊಂದಿಸುತ್ತದೆ, 1366 ಎಂಟರಿಂದ ಭಾಗವಾಗದ ಸಂಖ್ಯೆ, ಆದ್ದರಿಂದ ಅದು ಕೇಳಿದವರಿಗೆ 1368ನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹೆಚ್ಚಾದ ಎರಡು ಕಂಬಸಾಲುಗಳಿಂದ ಪರದೆಯ ಕೆಲವು ಪಟ್ಟೆಗಳಲ್ಲಿ ಮಸುಕು ಉಳಿದರೆ ಮಾನಿಟರಿನ ಆಟೋ ಗುಂಡಿಯನ್ನು ಒತ್ತಿ ನೋಡಬೇಕು. ಹೊಸ ಉಬುಂಟುಗಳಲ್ಲಿ ಬಳಕೆಯಾಗುವ ವೇಲ್ಯಾಂಡ್ ಎಂಬ ಚಿತ್ರವ್ಯವಸ್ಥೆಯಲ್ಲಿ ಈ ಉಪಾಯ ನಡೆಯುವುದಿಲ್ಲವಾದ್ದರಿಂದ ರಿಪೇರಿಯ ಹುಡುಗನ ಸಲಹೆಯೇ ಶಾಸ್ತ್ರಸಮ್ಮತವೆನ್ನಬೇಕು.

ಲಿನಕ್ಸಿನ ಅಕ್ಷರಗಳು ಮಸುಕು ಎಂಬ ಅಪವಾದ ಮಾತ್ರ ಸಂಪೂರ್ಣ ಸುಳ್ಳಲ್ಲ, ಅದಕ್ಕೂ ಒಂದು ಕಾಲವಿತ್ತು. ಫಾಂಟಿನಲ್ಲಿ ಅಕ್ಷರವು ವಕ್ರರೇಖೆಗಳ ಹೊರಗೆರೆಯಾಗಿರುತ್ತದೆ. ಅದನ್ನು ಚೌಕಗಳಿಗೆ ಇಳಿಸುವಾಗ ಗೆರೆಗಳು ಚೌಕದ ಅಂಚಿಗೆ ಸರಿಯಾಗಿ ಕೂರುವಂತೆ ಸ್ವಲ್ಪ ಸರಿಸುವುದನ್ನು ಹಿಂಟಿಂಗ್ ಎನ್ನುತ್ತಾರೆ, ಅರ್ಧ ಮಾತ್ರ ಆವರಿಸಿದ ಚೌಕಕ್ಕೆ ಬೂದುಬಣ್ಣ ತುಂಬಿ ದುಂಡನ್ನು ಸೂಚಿಸುವುದನ್ನು ಆಂಟಿ ಅಲಿಯಾಸಿಂಗ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಈ ಕೆಲಸ ಮಾಡುವ ಫ್ರೀಟೈಪ್ ಎಂಬ ತಂತ್ರಾಂಶ, ಫಾಂಟಿನೊಳಗೇ ಬರೆದಿಟ್ಟ ಹಿಂಟಿಂಗ್ ಸೂಚನೆಗಳನ್ನು ಆಪಲ್ ಸಂಸ್ಥೆಯ ಪೇಟೆಂಟುಗಳ ದೆಸೆಯಿಂದ ಬಹುಕಾಲ ಬಳಸಲಾಗದೆ, ಅವು 2010ರ ಮೇ ತಿಂಗಳಲ್ಲಿ ಮುಗಿದ ಮೇಲೆಯೇ ತಾನಾಗಿ ಬಳಸುವಂತಾಯಿತು. ಒಂದೊಂದು ಪಿಕ್ಸೆಲಿನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬೆಳಗಿಸುವ, ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿದ ಕ್ಲಿಯರ್‌ಟೈಪ್ ತಂತ್ರವೂ ಪೇಟೆಂಟಿನ ಬೇಲಿಯೊಳಗಿತ್ತು. ಆದರೆ ಆ ಬೇಲಿಯಿಂದ ಕನ್ನಡಕ್ಕಾದ ನಷ್ಟ ಜನ ಭಾವಿಸುವಷ್ಟಿಲ್ಲ ಎಂಬುದು ಲೇಖಕನ ತೀರ್ಮಾನ. ಆ ಮೂರು ಪಟ್ಟಿಗಳು ಪಕ್ಕಪಕ್ಕದಲ್ಲಿರುವುದರಿಂದ ಅವು ಅಗಲದಲ್ಲಿ ಮಾತ್ರ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ, ಒತ್ತಕ್ಷರ ಕೇಳುವುದಾದರೋ ಎತ್ತರವನ್ನು.

ಹೀಗಾಗಿ ಕನ್ನಡ ಓದುವವರು ಫಾಂಟಿನ ಸೆಟ್ಟಿಂಗಿನಲ್ಲಿ ಹಿಂಟಿಂಗನ್ನು ‘ಸ್ಲೈಟ್’ ಎಂಬಲ್ಲಿ ನಿಲ್ಲಿಸುವುದೇ ಲೇಸು, ಏಕೆಂದರೆ ಅದು ಗೆರೆಗಳನ್ನು ಮೇಲೆಕೆಳಗೆ ಮಾತ್ರ ಹೊಂದಿಸಿ ಅಗಲದ ದುಂಡನ್ನು ಕೆಡಿಸುವುದಿಲ್ಲ. ‘ಫುಲ್’ ಎಂಬುದು ನೆಟ್ಟಗಿನ ಕಾಲುಗಳುಳ್ಳ ರೋಮನ್ ಅಕ್ಷರಕ್ಕೆ ಒಪ್ಪುವ ಶಿಸ್ತು. ಅಕ್ಷರ ಸಣ್ಣದೆನಿಸಿದರೆ ರೆಸಲ್ಯೂಷನ್ ಇಳಿಸಬಾರದು. ಅಕ್ಷರದ ಅಳತೆಯನ್ನಷ್ಟೇ ಹಿಗ್ಗಿಸುವ ಟೆಕ್ಸ್ಟ್ ಸ್ಕೇಲಿಂಗನ್ನು 1.2ಕ್ಕೋ 1.3ಕ್ಕೋ ಏರಿಸಿದರೆ ಗಣಕವು ಅಕ್ಷರವನ್ನು ಹೊಸದಾಗಿ ದೊಡ್ಡದಾಗಿ ಬರೆಯುತ್ತದೆ, ಒತ್ತಿಗೂ ಒಂದೆರಡು ಸಾಲು ಹೆಚ್ಚು ದೊರೆಯುತ್ತದೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಮುಂತಾದ ಉಚಿತ ಕನ್ನಡ ಫಾಂಟುಗಳಲ್ಲಿ ಯಾವುದು ಚೆನ್ನ ಎಂಬ ಚರ್ಚೆ ಅದಾದ ಮೇಲಿನದು, ಅದರಲ್ಲಿ ಅಭಿರುಚಿಯ ಪಾಲೇ ಹೆಚ್ಚು. ಕುಷ್ಟಗಿಯ ಲೇಖಕನಿಗೆ ನೋಟೋ ಹಿಡಿಸಿದೆ, ಷಕಾರದ ಹೊಟ್ಟೆಯ ಗೆರೆ ಅದರಲ್ಲಿ ಬಿಡಿಸಿ ಕಾಣುತ್ತದೆಂಬ ಒಂದೇ ಕಾರಣಕ್ಕೆ.

ಶಾಲೆಯ ಗಣಕ ಕೊಠಡಿಯ ಹೊಣೆ ಹೊತ್ತವರು ಮಾನಿಟರುಗಳನ್ನು ಹಳೆಯವೆಂದು ಮೂಲೆಗೆ ಸೇರಿಸುವ ಮೊದಲು ಡಿಸ್‌ಪ್ಲೇ ಸೆಟ್ಟಿಂಗಿನ ಸಂಖ್ಯೆಯನ್ನು ಆ ಮಾನಿಟರಿನ ನಿಜವಾದ ರೆಸಲ್ಯೂಷನ್ನಿನೊಂದಿಗೆ ಹೋಲಿಸಿ ನೋಡಬೇಕು. ಎರಡೂ ಬೇರೆಯಾಗಿದ್ದರೆ ಹೊಸ ಮಾನಿಟರಿಗೆ ಬೇಡಿಕೆ ಬರೆಯುವ ಬದಲು, ಹದಿನೈದೂ ಸೂಜಿಗಳಿಗೆ ಎಳೆಯಿರುವ ಒಂದು ತಂತಿಯನ್ನು ಕೇಳಿ ತರಬೇಕು.