ಹಂಚು ಕೈಯಾಡಿಸುವವರು

ಮಲ್ಪೆಯ ನಮ್ಮ ಹಳೆಯ ಶಾಲೆಗೆ ಮುಚ್ಚಿಗೆ ಇರಲಿಲ್ಲ. ತಲೆ ಎತ್ತಿದರೆ ಪಕ್ಕಾಸು, ರೀಪು, ಹಂಚಿನ ಒಳಮೈ, ಅದರಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು. ನಮ್ಮಲ್ಲಿ ಹಲವರು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಅಲ್ಲಿಂದಲೇ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ಆ ಶತಮಾನ ಮುಗಿಯುವುದರೊಳಗೆ ಮಲ್ಪೆಯಲ್ಲೂ ಮಿಶನ್ನಿನ ಕಾರ್ಖಾನೆ ಎದ್ದಿತು. ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು.

ಮಳೆಗಾಲಕ್ಕೆಂದು ಮೀನುಗಾರಿಕೆಯ ಬೋಟುಗಳು ನಿಲ್ಲುವ ಮೊದಲೇ ಶಾಲೆಗೆ ಹಂಚು ಕೈಯಾಡಿಸುವವರು ಬರುತ್ತಿದ್ದರು. ಒಬ್ಬ ಮಾಡಿನ ಮೇಲೆ, ಒಬ್ಬ ಏಣಿಯಲ್ಲಿ, ಒಬ್ಬ ಅಂಗಳದಲ್ಲಿ. ಹಂಚನ್ನು ಬೆರಳಲ್ಲಿ ತಟ್ಟಿ, ಸದ್ದಿನಿಂದಲೇ ಬಿರುಕು ಹಿಡಿಯುತ್ತಿದ್ದರು. ಪಾಚಿ ಉಜ್ಜಿ, ಜಾರಿದ್ದನ್ನು ಸರಿಯಾಗಿ ಕೂರಿಸಿ, ಗೆದ್ದಲು ತಿಂದ ರೀಪು ಬದಲಿಸಿ ಇಳಿದರೆ ಆ ಮಳೆಗಾಲಕ್ಕೆ ಚಿಂತೆಯಿಲ್ಲ. ಆ ಕೆಲಸದವರ ಮಕ್ಕಳು ಬೋಟಿಗೆ, ಐಸ್ ಪ್ಲಾಂಟಿಗೆ, ಮುಂಬಯಿಗೆ, ಗಲ್ಫಿಗೆ ಹೋದರು. ಕೈಯಾಡಿಸುವುದು ನಿಂತಿತು. ನೀರು ಗೋಡೆಯ ತಲೆಗೆ ಇಳಿಯಿತು.

ಕೊನೆಗೆ ಶಾಲೆಯನ್ನು ಕೆಡವಿ ಕಾಂಕ್ರೀಟ್ ತಾರಸಿ ಹಾಕುವ ಮಾತು ಬಂತು. ಸಭೆಯಲ್ಲಿ ಹಳೆ ವಿದ್ಯಾರ್ಥಿಗಳು ಪರಂಪರೆ ಎಂದು ಮಾತಾಡುತ್ತಿದ್ದಾಗ ಮೀನು ಮಾರುವ ಅಕ್ಕ ಒಬ್ಬರು ಎದ್ದು ನಿಂತರು: “ಮಾಸ್ಟ್ರೇ, ಪಕ್ಕಾಸು ಬಿದ್ದರೆ ಅಡಿಯಲ್ಲಿ ಇರುವುದು ನನ್ನ ಮೊಮ್ಮಗ, ನಿಮ್ಮ ನೆನಪಲ್ಲ.” ಆ ಮಾತನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ನಾಲ್ಕೇ ವರ್ಷಕ್ಕೆ ಅಲ್ಲಿಯ ದೇವರಾಜ ಮಾರುಕಟ್ಟೆಯ ಒಂದು ಬದಿಯೂ ಬಿತ್ತು. ಹಳೆಯದನ್ನು ಪ್ರೀತಿಸುತ್ತೇವೆಂದು ಹೇಳಿ ಏಣಿ ಇಡದಿದ್ದರೆ ಆ ಪ್ರೀತಿಗೆ ಬೆಲೆ ತೆರುವವರು ಬೇರೆಯವರು.

ಆದರೆ ತಾರಸಿ ಹಾಕಿದರೆ ಎಲ್ಲ ಮುಗಿಯಿತು ಎಂಬುದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಡಲ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಬಿಡುವುದಿಲ್ಲ. ತುಕ್ಕು ಹಿಡಿದ ಸರಳು ಉಬ್ಬಿ ಗಾರೆಯನ್ನು ಒಡೆದು ಕೆಳಗೆ ಬೀಳಿಸುತ್ತದೆ. ಬಂದರಿನ ಆಸುಪಾಸಿನ ಎಷ್ಟೋ ತಾರಸಿಗಳ ಅಡಿಯಲ್ಲಿ ನಿಂತು ನೋಡಿ, ಸರಳು ಹಲ್ಲು ತೋರಿಸುತ್ತಿರುತ್ತದೆ. ಮುರಕಲ್ಲಿನ ಗೋಡೆಗೂ ಹಂಚಿಗೂ ಆ ರೋಗ ಇಲ್ಲ. ಹಾಳಾದ ತುಂಡನ್ನಷ್ಟೇ ತೆಗೆದು ಹೊಸದು ಕೂರಿಸಬಹುದು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಮಾಡಿದ್ದನ್ನು ಕೆಲವರು ನೆನಪಿಸಿದರು. ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಹೀಗೆ ಅಳಿಯಲಿದ್ದ ಕಟ್ಟಡಗಳನ್ನು ಬಿಚ್ಚಿ ತಂದು ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದವರು ಅವರು. ಅಂಥ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೂ ಶಾಲೆಯನ್ನು ಬಿಚ್ಚಿ ಮಣಿಪಾಲಕ್ಕೆ ಒಯ್ದರೆ ಅದು ನೋಡುವ ವಸ್ತುವಾಗುತ್ತದೆ. ನಮಗೆ ಬೇಕಾಗಿದ್ದದ್ದು ಮಕ್ಕಳು ಕೂರುವ ಜಗಲಿ.

ವಾದ ಎರಡು ಮಳೆಗಾಲ ನಡೆಯಿತು. ಅಷ್ಟರಲ್ಲಿ ಹಿಂದಿನ ಸಾಲು ತಾನೇ ಕುಸಿಯಿತು. ಪುಣ್ಯಕ್ಕೆ ರಜೆಯ ದಿನ. ಅಲ್ಲಿ ತಾರಸಿ ಬಂತು. ಮುಂದಿನ ಎರಡು ಕೋಣೆ ಮತ್ತು ಜಗಲಿಯನ್ನು ಉಳಿಸುವುದೆಂದು ಆಯಿತು, ಒಂದು ಕರಾರಿನ ಮೇಲೆ: ಪ್ರತಿ ಮೇ ತಿಂಗಳು ಹಂಚು ಕೈಯಾಡಿಸುವ ಖರ್ಚು ಹಳೆ ವಿದ್ಯಾರ್ಥಿಗಳದು. ಕರಾರು ಕೇಳಿದವರು ಆ ಮೀನು ಮಾರುವ ಅಕ್ಕನೇ. ಹಣ ಕೂಡುತ್ತದೆ. ಮಾಡು ಹತ್ತಲು ಕಾರ್ಕಳದ ಕಡೆಯಿಂದ ವಯಸ್ಸಾದ ಇಬ್ಬರು ಬರುತ್ತಾರೆ. ಅವರ ಜೊತೆ ಏಣಿ ಹಿಡಿಯಲು, ಕೆಲಸ ಕಲಿಯಲು ನಮ್ಮೂರಿನ ಹುಡುಗರನ್ನು ಈ ವರ್ಷ ಹುಡುಕುತ್ತಿದ್ದೇವೆ.