ರಿಸೆಪ್ಷನಿಸ್ಟ್ ಅಂದ್ರ ಬರೇ ಫೋನ್ ಎತ್ತೂದಲ್ಲ

ನನ್ನ ತಂಗಿ ಮಗಳು ಪಿಯುಸಿ ಮುಗಿಸಿ, ಹುಬ್ಬಳ್ಳಿಯ ಒಂದು ಹೆರಿಗಿ ಆಸ್ಪತ್ರಿಯೊಳಗ ರಿಸೆಪ್ಷನಿಸ್ಟ್ ಆಗ್ಯಾಳ. "ಕೂತು ಫೋನ್ ಎತ್ತಲಿಕ್ಕೆ ಎಂಥಾ ಟ್ರೇನಿಂಗ್?" ಅಂತ ಓಣ್ಯಾಗ ನಕ್ಕರು.

ಕಂಪ್ಯೂಟರು, ಬಿಲ್ಲು ಲಗೂನ ಬಂದ್ವು. ಫೋನಿನ್ಯಾಗ ಹೇಳಿದ ನಂಬರ್ ಬರಕೊಂಡು ತಿರುಗಿ ಓದಿ ಹೇಳಬೇಕು. ಬಸುರಿಗೆ ರಕ್ತ ಹೊಂಟದ ಅಂದ್ರ ಪಾಳಿ ನೋಡಬಾರದು, ಮೊದಲ ನರ್ಸನ್ನ ಕರೀಬೇಕು.

ಕಠಿಣ ಅಂದ್ರ ಬಾಯಿ ಕಾಯೋದು. ಮದುವಿ ಮನ್ಯಾಗ ನಮ್ಮ ಹೆಂಗಸರು ಆಕೀನ್ನ ಸುತ್ತುಗಟ್ಟಿ, "ಅವರ ಸೊಸಿ ಬಂದಿದ್ಲಂತಲ್ಲ, ಏನಂದ್ರು ಡಾಕ್ಟರು? ಮಕ್ಕಳಾಗ್ತಾವಂತೇನು?" ಅಂತ ಕೇಳ್ತಾರ. ನಕ್ಕೋತ, "ಅದನ್ನ ಹೇಳೂ ಹಂಗಿಲ್ರೀ ಕಾಕು, ಊಟ ಆತೇನು?" ಅಂತಾಳ. ಸೊಕ್ಕು ಬಂದದ ಅಂದ್ರು. ಸ್ವಂತ ತಾಯಿಗೂ ಹೇಳಂಗಿಲ್ಲ ಆಕಿ. ಕೇಳಬ್ಯಾಡ್ರವಾ, ನಾಳೆ ನಮ್ಮ ಮಗಳೂ ಅಲ್ಲೇ ಹೋಗಾಕಿ.