ಅವ್ವನೊಡನೆ ಗದಗಿನಲ್ಲಿ ಐದು ದಿನ

ನಮ್ಮ ಯಳವತ್ತಿಯವರಿಗೆ ಗದಗಿಗೆ ಹೋಗುವದು ಹೊಸದಲ್ಲ. ಜಿಲ್ಲೆಯ ಕಚೇರಿಗಳು ಅಲ್ಲಿವೆ, ದೊಡ್ಡ ದವಾಖಾನೆಗಳು ಅಲ್ಲಿವೆ, ಹತ್ತಿ ಶೇಂಗಾಗಳ ಪೇಟೆ ಅಲ್ಲಿದೆ. ಮದುವೆಯ ಜವಳಿಗೂ ಬಹುಮಟ್ಟಿಗೆ ಅಲ್ಲಿಗೇ ಹೋಗಬೇಕು. ಮುಂಜಾನೆಯ ಬಸ್ಸಿಗೆ ಹೋಗಿ, ಕೆಲಸ ತೀರಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವದು ರೂಢಿ. ಹೀಗಿರಲು ನಾವು ಕಳೆದ ಸಂಕ್ರಾಂತಿಯ ತರುವಾಯ 76 ವರ್ಷದ ನಮ್ಮ ತಾಯಿಯವರನ್ನು ಕರೆದುಕೊಂಡು, ಕೇವಲ ವಿಶ್ರಾಂತಿಗೋಸ್ಕರ ಗದಗಿನಲ್ಲಿ ಐದು ದಿನ ಇದ್ದು ಬರುವೆವೆಂದಾಗ ಊರವರು ನಕ್ಕರು. “ಮುದುಕಿಗೆ ಏನಾಗೇತ್ರಿ? ಯಾವ ಡಾಕ್ಟರು?” ಎಂದು ಕೇಳಿದವರೇ ಹೆಚ್ಚು. ಗದಗಿನಲ್ಲಿ ರಾತ್ರಿ ಉಳಿಯುವವರೆಂದರೆ ದವಾಖಾನೆಯಲ್ಲಿ ಮಲಗಿದವರು, ಇಲ್ಲವೆ ಅವರ ಹತ್ತಿರ ಕುಳಿತವರು ಎಂಬದು ನಮ್ಮ ಕಡೆಯ ತಿಳುವಳಿಕೆ.

ಈ ಪ್ರಯಾಣದ ಮೂಲವು ಗದಗಿನಲ್ಲಿರದೆ ಬಹುದೂರದ ಬ್ರೆಜಿಲಿನಲ್ಲಿತ್ತು. ನಮ್ಮ ತಮ್ಮನು ಕೆಲವು ವರ್ಷಗಳಿಂದ ಅಲ್ಲಿಯ ಸಾವೋ ಪೌಲೋ ಪಟ್ಟಣದಲ್ಲಿ ನೌಕರಿಯಲ್ಲಿರುವನು. ತಂದೆಯವರು ತೀರಿಕೊಂಡಾಗ ಅವನಿಗೆ ಹೊತ್ತಿಗೆ ಸರಿಯಾಗಿ ಬರಲಾಗಲಿಲ್ಲ. ಆ ನೋವು ಅವನ ಮನಸ್ಸಿನಲ್ಲಿ ಉಳಿದಿರಬೇಕು. ಅವ್ವನನ್ನು ಒಮ್ಮೆ ಇತ್ತ ಕರೆತನ್ನಿರಿ, ಯಾವುದಾದರೊಂದು ಒಳ್ಳೆಯ ಪಟ್ಟಣದಲ್ಲಿ ಹದಿನೈದು ದಿನ ಯಾವ ಅವಸರವೂ ಇಲ್ಲದೆ ಕೂಡಿ ಇರೋಣ ಎಂದು ಮೇಲಿಂದ ಮೇಲೆ ಬರೆಯತೊಡಗಿದನು. ನಾವೂ ಅದನ್ನು ಹಗುರಾಗಿ ತಳ್ಳಿಹಾಕಲಿಲ್ಲ. ಭೂಪಟವನ್ನು ಹರವಿಕೊಂಡು ಕುಳಿತೆವು.

ಹೊರದೇಶದಲ್ಲಿ ಮಕ್ಕಳಿರುವ ಮನೆಗಳು ಈಗ ನಮ್ಮ ಸೀಮೆಯಲ್ಲಿಯೂ ಕಡಿಮೆಯಿಲ್ಲವಾದುದರಿಂದ, ನಮಗೆ ತಿಳಿದುಬಂದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವದು ಅನುಚಿತವಾಗಲಾರದು. ದಕ್ಷಿಣ ಅಮೇರಿಕೆಯ ಹೆಸರಾದ ಪಟ್ಟಣಗಳಲ್ಲಿ ಕೆಲವು ಬಹಳ ಎತ್ತರದಲ್ಲಿವೆ. ಬೊಗೋಟಾ ಸುಮಾರು 8,600 ಅಡಿ, ಕೀಟೋ 9,300 ಅಡಿಗೂ ಮೇಲೆ, ಲಾ ಪಾಜ್ ಸುಮಾರು 12,000 ಅಡಿ. ನಮ್ಮ ನಾಡಿನಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿಯೇ 6,330 ಅಡಿ ಎಂದ ಮೇಲೆ, ಅಲ್ಲಿ ವಿಮಾನದಿಂದಿಳಿದ ವೃದ್ಧರಿಗೆ ಉಸಿರಾಟದ ತೊಂದರೆಯಾದರೆ ಆಶ್ಚರ್ಯವೇನು? ಬ್ವೇನಸ್ ಐರಿಸ್, ಮೊಂಟೆವಿಡಿಯೋಗಳು ಹಾಗಲ್ಲ. ಇವೆರಡೂ ಪ್ಲಾಟಾ ನದಿಯ ದಂಡೆಯ ಮೇಲಿನ ಸಮತಟ್ಟಾದ ಪಟ್ಟಣಗಳು. ಮೊಂಟೆವಿಡಿಯೋದಲ್ಲಂತೂ ನೀರಿನ ಅಂಚಿಗೇ 20 ಕಿಲೋಮೀಟರಿಗೂ ಉದ್ದವಾದ ಕಾಲುದಾರಿಯಿದೆ. ಮುಪ್ಪಿನವರನ್ನು ಕರೆದೊಯ್ಯುವದಾದರೆ ಇಂಥ ಊರನ್ನೇ ಆರಿಸತಕ್ಕದ್ದು. ಅಲ್ಲಿ ಋತುಗಳು ತಿರುವುಮುರುವು; ನಮ್ಮ ಸಂಕ್ರಾಂತಿಯ ಹೊತ್ತಿಗೆ ಅವರಿಗೆ ಕಡುಬೇಸಿಗೆ.

ಆದರೆ ಹಾದಿ? ಇಲ್ಲಿಂದ ನೇರ ವಿಮಾನವಿಲ್ಲ. ನಡುವೆ ಒಂದೆರಡು ಕಡೆ ಇಳಿದು ಹತ್ತಿ ಮುಟ್ಟುವಷ್ಟರಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದು ಮತ್ತೂ ಹೊತ್ತು ಹಿಡಿಯುವದು. ಇದಲ್ಲದೆ ಬ್ರೆಜಿಲ್ ಮೊದಲಾದ ದೇಶಗಳಿಂದ ಹಿಂದೂಸ್ಥಾನಕ್ಕೆ ಮರಳುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪತ್ರವನ್ನು ತೋರಿಸಬೇಕು. ಆ ಪತ್ರವು ಲಸಿಕೆಯಾಗಿ ಹತ್ತು ದಿನಗಳ ಮೇಲೆಯೇ ಸಿಂಧುವಾಗುವದು. ಅರವತ್ತು ಮೀರಿದವರಿಗೆ ಈ ಲಸಿಕೆಯನ್ನು ಕೊಡುವ ಮುನ್ನ ವೈದ್ಯರು ಎರಡು ಸಲ ವಿಚಾರಿಸುವರು. ಯಾಕಂದರೆ ಆ ವಯಸ್ಸಿನಲ್ಲಿ ಅದರಿಂದ ತೀವ್ರವಾದ ತೊಂದರೆಯಾಗುವ ಸಂಭವವು, ವಿರಳವೇ ಆದರೂ, ಹೆಚ್ಚು. ನಮ್ಮ ಡಾಕ್ಟರು ಎಲ್ಲವನ್ನೂ ಕೇಳಿಕೊಂಡು ಅವ್ವನ ಮೊಣಕಾಲುಗಳನ್ನು ಒತ್ತಿ ನೋಡಿ, “ಇವರನ್ನು ಯಾರಾದರೂ ಕೇಳಿರುವಿರೇನು?” ಎಂದರು.

ನಾವು ಕೇಳಿರಲಿಲ್ಲ. ತಿಂಗಳುಗಟ್ಟಲೆ ಅವ್ವನ ಸಲುವಾಗಿ ಮಾತಾಡಿದ್ದೆವು, ಅವ್ವನೊಡನೆ ಮಾತಾಡಿರಲಿಲ್ಲ. ಆ ರಾತ್ರಿ ಊಟವಾದ ಮೇಲೆ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ಆಕೆ ಹೇಳಿದ್ದಿಷ್ಟು: “ಗದಗಿಗೆ ನೂರು ಸಲ ಹೋಗೇನಿ. ಗದಗ ಒಮ್ಮೆನೂ ನೋಡಿಲ್ಲ. ನಾರಣಪ್ಪ ಕುಂತು ಭಾರತ ಬರದ ಕಂಬ ಐತೆಂತಲ್ಲ, ಅದರ ಹತ್ರ ಒಂದೀಟು ಕುಂತು ಬರಬೇಕು ನೋಡಪಾ.”

ಅವ್ವನಿಗೆ ಓದು ಬರಹ ಬಾರದು. ಆದರೆ ಆಕೆಯ ತಂದೆಯವರು ಶ್ರಾವಣದಲ್ಲಿ ಪಡಸಾಲೆಯಲ್ಲಿ ಕುಮಾರವ್ಯಾಸನ ಭಾರತವನ್ನು ರಾಗವಾಗಿ ಓದಿಸಿ ಅರ್ಥ ಹೇಳಿಸುತ್ತಿದ್ದರು. ಕಂದೀಲಿನ ಬೆಳಕಿಗೆ ಆಚೆ, ಹೆಂಗಸರ ಸಾಲಿನಲ್ಲಿ ಕುಳಿತು ಈ ಹುಡುಗಿ ಕೇಳಿ ಕೇಳಿ ಎಷ್ಟೋ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ, ಗದಗಿಗೆ ಆಕೆಯನ್ನು ಕರೆದುಕೊಂಡು ಹೋದಾಗಲೆಲ್ಲ ಕಣ್ಣಿನ ದವಾಖಾನೆಯಿಂದ ನೇರ ಬಸ್ ನಿಲ್ದಾಣಕ್ಕೆ ಕರೆತಂದಿದ್ದೆವು.

ಅಂತೂ ಗದಗವೆಂದು ನಿಶ್ಚಯವಾಯಿತು. ಹೋಗುವಾಗ ಬಾಡಿಗೆಯ ಕಾರು ಎಂದು ನಾವು. ಬಸ್ಸೇ ಆಗಬೇಕೆಂದು ಅವ್ವ. 2023ರ ಜೂನಿನಿಂದ ನಮ್ಮ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಚೀಟಿಯ ಹಣವಿಲ್ಲವಷ್ಟೆ, “ಪುಕ್ಕಟೆ ಬಿಟ್ಟು ರೊಕ್ಕಾ ಯಾಕ ಚೆಲ್ಲತೀರಿ?” ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಧಾರ ಕಾರ್ಡನ್ನು ಕೈಯಲ್ಲಿಯೇ ಹಿಡಿದು ಕಿಟಕಿಯ ಬದಿಗೆ ಕುಳಿತಳು. ಬಸ್ಸಿನ ಮೊದಲನೆಯ ಪಾವಟಿಗೆ ಮಾತ್ರ ವೃದ್ಧರಿಗೆ ಎತ್ತರವಾಗುವದು. ಒಂದು ಗಟ್ಟಿಯಾದ ಸಣ್ಣ ಮಣೆಯನ್ನು ಒಯ್ದಿದ್ದುದರಿಂದ ನಿಭಾಯಿಸಿತು.

ನೆಲಮಟ್ಟದ ಕೋಣೆ ಬೇಕೆಂದು ಒಂದು ವಸತಿಗೃಹಕ್ಕೆ ಮೊದಲೇ ಫೋನು ಮಾಡಿ ಒಪ್ಪಿಸಿದ್ದೆವು. ಹೋಗಿ ನೋಡಿದರೆ ಎರಡನೆಯ ಮಾಳಿಗೆಯ ಕೋಣೆ, ಲಿಫ್ಟು ಕೆಟ್ಟಿದೆ! ಮುಕ್ಕಾಲು ತಾಸು ವಾದವಾಡಿದೆವು. ಅವ್ವ ಅಷ್ಟು ಹೊತ್ತೂ ಮೆಟ್ಟಲ ಮೇಲೆ ಗಂಟಿನ ಪಕ್ಕದಲ್ಲಿ ಗಂಟಿನಂತೆಯೇ ಕುಳಿತಿದ್ದಳು. ಕೊನೆಗೆ ಬೇರೆಡೆಗೆ ಹೋಗಿ, ಸಣ್ಣದಾದರೂ ಕೆಳಗಿನ ಕೋಣೆಯನ್ನು ಹಿಡಿದೆವು. ಮುಪ್ಪಿನವರೊಡನೆ ಹೊರಡುವವರು ಒಬ್ಬರನ್ನು ಮುಂಚಿತವಾಗಿ ಕಳಿಸಿ ಕೋಣೆಯನ್ನು ಕಣ್ಣಾರೆ ನೋಡಿಸುವದು ಲೇಸು. ಕುರ್ಚಿಯಂತೆ ಕುಳಿತುಕೊಳ್ಳುವ ಶೌಚವಿದೆಯೋ, ಹಿಡಿದು ಏಳಲಿಕ್ಕೆ ಆಧಾರವಿದೆಯೋ, ಬಚ್ಚಲು ಜಾರುವದೋ, ರಾತ್ರಿ ದೀಪದ ಗುಂಡಿ ಕೈಗೆಟಕುವದೋ, ಇವನ್ನು ನೋಡಬೇಕು. ಗೋಡೆಯ ಬಣ್ಣವನ್ನಲ್ಲ.

ತಪ್ಪು ವಸತಿಗೃಹದವರದಷ್ಟೇ ಆಗಿರಲಿಲ್ಲ. ಐದು ದಿನಗಳಿಗೆ ಹದಿನಾಲ್ಕು ಸ್ಥಳಗಳ ಒಂದು ಪಟ್ಟಿಯನ್ನು ನಾವು ಅಚ್ಚುಕಟ್ಟಾಗಿ ಬರೆದು ತಂದಿದ್ದೆವು. ಹೊತ್ತು ಹೋಯಿತೆಂಬ ಆತುರದಿಂದ ಅಂದೇ ಮಧ್ಯಾಹ್ನದ ಹೊತ್ತಿಗೆ ತ್ರಿಕೂಟೇಶ್ವರಕ್ಕೆ ಹೊರಟೆವು. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಅದೇ ಆವರಣದಲ್ಲಿ ಸರಸ್ವತಿಯ ಗುಡಿ. ಆ ಗುಡಿಯ ಕಂಬಗಳ ಕೆತ್ತನೆಗೆ ಚಾಲುಕ್ಯಶಿಲ್ಪದಲ್ಲಿಯೇ ಸರಿಜೋಡಿ ಕಡಿಮೆ. ಕಲ್ಲನ್ನು ಚಿನಿವಾರರು ಕಡೆದಂತೆ ಕಾಣುವದು. ನಾವು ಕತ್ತೆತ್ತಿ ನೋಡುತ್ತ ನಡೆದಿದ್ದೆವು. ಜನೆವರಿಯಾದರೂ ಬಿಸಿಲಿಗೆ ಹಾಸುಗಲ್ಲು ಕಾದಿತ್ತು. ಅವ್ವ ಬರಿಗಾಲಲ್ಲಿ ಅವಸರದಿಂದ ದಾಟಿ ಬಂದು ಮಂಟಪದ ನೆರಳಿನಲ್ಲಿ ಕುಳಿತು, “ನೀವು ನೋಡಿ ಬರ್ರಿ, ನಾ ಇಲ್ಲೇ ಇರತೀನಿ” ಎಂದಳು. ನಾವು ಅದನ್ನು ನಿಜವೆಂದೇ ತಿಳಿದು ಒಂದು ತಾಸು ತಿರುಗಿ ಬಂದೆವು. ರಾತ್ರಿ ನೋಡಿದರೆ ಎರಡೂ ಮೊಣಕಾಲು ಬಾತಿವೆ. ನೋವೆಂದು ಒಂದು ಮಾತೂ ಆಡದೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ನಮ್ಮ ಮನೆಯವರು ಬಿಸಿನೀರಿನ ಚೀಲವನ್ನಿಟ್ಟು ಕುಳಿತರು; ಪಟ್ಟಿ ಹರಿದು ಕಸದ ಬುಟ್ಟಿಗೆ ಬಿತ್ತು.

ಎರಡನೆಯ ದಿನ ಎಲ್ಲಿಯೂ ಹೋಗಲಿಲ್ಲ. ಸಂಜೆ ಮಾತ್ರ ಆಟೋದಲ್ಲಿ ಬೆಟಗೇರಿಯ ಕಡೆ ಹೋಗಿದ್ದಾಗ, ಒಂದು ಓಣಿಯಲ್ಲಿ ಕೈಮಗ್ಗದ ಸಪ್ಪಳ ಕೇಳಿ ಅವ್ವ ಆಟೋ ನಿಲ್ಲಿಸಿದಳು. ನೇಯುವಾಕೆ ಒಳಗೆ ಕರೆದು ಮಣೆ ಹಾಕಿದಳು. ಇಬ್ಬರಿಗೂ ಒಬ್ಬರದೊಬ್ಬರಿಗೆ ಗುರುತಿಲ್ಲ. ದೀಪ ಹಚ್ಚುವವರೆಗೆ ಮಾತು ಮುಗಿಯಲಿಲ್ಲ. ನಮ್ಮ ಹದಿನಾಲ್ಕರ ಪಟ್ಟಿಯಲ್ಲಿ ಈ ಮನೆ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬರುವಾಗ ಒಗ್ಗರಣಿ ಮಿರ್ಚಿ ತಿಂದೆವು. ಮಿರ್ಚಿ ಅವ್ವನಿಗೆ ಬೇಡವೆಂದು ನಾವಂದರೂ ಅರ್ಧ ತಿಂದಳು.

ಮೂರನೆಯ ದಿನ ನಸುಕಿನಲ್ಲಿಯೇ ಆಕೆ ಮಿಂದು, ಹಸಿರು ಇಳಕಲ್ಲ ಸೀರೆಯನ್ನುಟ್ಟು ಸಿದ್ಧಳಾಗಿದ್ದಳು. ಬಿಸಿಲೇರುವ ಮೊದಲೇ ವೀರನಾರಾಯಣನ ಗುಡಿಯನ್ನು ಮುಟ್ಟಿದೆವು. ಹೊಯ್ಸಳ ವಿಷ್ಣುವರ್ಧನನು ಕಟ್ಟಿಸಿದ ಐದು ನಾರಾಯಣರಲ್ಲಿ ಇವನೊಬ್ಬನೆಂದು ಪರಂಪರೆಯ ಮಾತು. ಕೋಳಿವಾಡದ ನಾರಣಪ್ಪನು ಕೆರೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿಯೇ ಬಂದು ಇಲ್ಲಿಯ ಕಂಬಕ್ಕೆ ಒರಗಿ ಕುಳಿತುಕೊಳ್ಳುವನು, ಬಟ್ಟೆ ಆರುವವರೆಗೆ ಕಾವ್ಯವು ಹರಿಯುವದು, ಆರಿದೊಡನೆ ನಿಲ್ಲುವದು ಎಂಬ ಕಥೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಹದಿನೈದನೆಯ ಶತಮಾನದ ಆ ಕವಿಯು ಭಾಮಿನೀ ಷಟ್ಪದಿಯಲ್ಲಿ ಹತ್ತು ಪರ್ವಗಳನ್ನು ಬರೆದನು, ಉಳಿದವುಗಳನ್ನು ಬರೆಯಲಿಲ್ಲ. ಇದನ್ನು ನಾವು ವಿವರಿಸಲು ಬಾಯಿ ತೆರೆದೆವು. ಅವ್ವ ಕೈಯೆತ್ತಿ ಸುಮ್ಮನಿರಿಸಿದಳು.

ಮಡಚುವ ಕುರ್ಚಿಯನ್ನು ಹಾಕಿದರೆ ಒಲ್ಲೆನೆಂದು, ನಮ್ಮಿಬ್ಬರ ಹೆಗಲು ಹಿಡಿದು ಮೆಲ್ಲಗೆ ಕೆಳಗೆ ಕುಳಿತು ಕಂಬಕ್ಕೆ ಅಂಗೈಯನ್ನು ಹಚ್ಚಿದಳು. ಕಣ್ಣಿನ ಶಸ್ತ್ರಕ್ರಿಯೆಯಾದ ಮೇಲೂ ಆಕೆಗೆ ಅರೆಬೆಳಕಿನಲ್ಲಿ ಸರಿಯಾಗಿ ಕಾಣದು, ಕೈಯಿಂದಲೇ ನೋಡುವಂತಿತ್ತು. ಆಮೇಲೆ ತೀರ ಸಣ್ಣ ದನಿಯಲ್ಲಿ ಅನ್ನತೊಡಗಿದಳು. ಕರ್ಣನ ಪ್ರಸಂಗ. ನಡುನಡುವೆ ತಪ್ಪುವದು, ಹಿಂದಕ್ಕೆ ಹೋಗಿ ಮತ್ತೆ ಹಿಡಿಯುವದು. ಅರ್ಚಕರು ಬಂದು ನಿಂತು ಕೇಳಿ, ಒಂದೆಡೆ ಆಕೆ ತಡವರಿಸಿದಾಗ ಮುಂದಿನ ಮಾತನ್ನು ಎತ್ತಿಕೊಟ್ಟರು. ನಾವು ಆಕೆಯ ಮಕ್ಕಳಾಗಿ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ. ಆಕೆಯಲ್ಲಿ ಇಷ್ಟು ಉಳಿದಿದೆಯೆಂದು ನಮಗೆ ತಿಳಿದಿರಲಿಲ್ಲ. ಎರಡು ತಾಸು ಕಳೆದುದು ಗೊತ್ತಾಗಲಿಲ್ಲ. ಏಳುವಾಗ ಕಾಲು ಹಿಡಿದುಕೊಂಡವು, ಆದರೂ ಆ ದಿನ ಅವು ಬಾಯಲಿಲ್ಲ.

ನಾಲ್ಕನೆಯ ದಿನ ಲಕ್ಕುಂಡಿ. ಹೊಸಪೇಟೆಯ ಹಾದಿಯಲ್ಲಿ 12 ಕಿಲೋಮೀಟರು. ಅಲ್ಲಿ ನೋಡಹೊರಟರೆ ವಾರ ಸಾಲದು. ನಾವು ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವೊಂದನ್ನೇ ನೋಡಿದೆವು. ಮುಸುಕಿನ ಬಾವಿಯ ಮೆಟ್ಟಲುಗಳನ್ನು ಅವ್ವ ಮೇಲಿನಿಂದಲೇ ಬಗ್ಗಿ ನೋಡಿ, “ಇಳಿದವರು ಹತ್ತಬೇಕಲ್ಲ” ಎಂದು ಹಿಂದೆ ಸರಿದಳು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆಯು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದ ಸಂಗತಿಯನ್ನು ಹೇಳಿದಾಗ ಆಕೆ ಕೇಳಿದ ಪ್ರಶ್ನೆಯೊಂದೇ: “ಆಕಿಗೆ ಸ್ವತಃ ಓದಾಕ ಬರತಿತ್ತೇನು?” ಬರುತ್ತಿದ್ದಿರಬೇಕು ಎಂದೆವು. “ಹಂಗಾದರ ಚಲೋ ಆತು” ಎಂದಳು. ಸಂಜೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದೆವು. ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ 2010ರಲ್ಲಿ ದೇಹವಿಟ್ಟ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಾಗಿದ್ದು, ಕಣ್ಣಿಲ್ಲದ ಬಡ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟ ಸ್ಥಳವಿದು. ಒಬ್ಬ ಹುಡುಗನು ಹಾರ್ಮೋನಿಯಂ ಹಿಡಿದು ಸ್ವರ ಸಾಧಿಸುತ್ತಿದ್ದನು. ಅಷ್ಟೇ ಕೇಳಿ ಬಂದೆವು.

ಮರಳುವಾಗ ಅವ್ವ ಕಾರಿಗೆ ಒಪ್ಪಿದಳು. ಹಾದಿ ಸುತ್ತಾದರೂ ಮಾಗಡಿಯ ಕೆರೆಯ ಮೇಲೆ ಹಾಯುವೆವೆಂದು ಆಸೆ ತೋರಿಸಿದ್ದೆವು. ಶಿರಹಟ್ಟಿ ಸೀಮೆಯ ಈ ಕೆರೆಯು 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಯಾದಿಯನ್ನು ಸೇರಿತು. ನವಂಬರದ ಸುಮಾರಿಗೆ ಹಿಮಾಲಯದ ಆಚೆಯಿಂದ, ಟಿಬೇಟು ಮಂಗೋಲಿಯಗಳ ಕಡೆಯಿಂದ, ತಲೆಯ ಮೇಲೆ ಎರಡು ಕಪ್ಪು ಪಟ್ಟಿಗಳಿರುವ ಹೆಬ್ಬಾತುಗಳು ಬಂದು ಮಾರ್ಚಿಯವರೆಗೆ ಇರುವವು. ಮುಂಜಾನೆ ಸಂಜೆ ಹೊಲಗಳಲ್ಲಿ ಮೇದು, ಹಗಲಲ್ಲಿ ನೀರ ಮೇಲೆ ತಂಗುವವು. ಅವ್ವನಿಗೆ ಅವು ಬಿಳಿಯ ಚುಕ್ಕೆಗಳಂತೆ ಕಂಡವು. ಧ್ವನಿ ಮಾತ್ರ ಚೆನ್ನಾಗಿ ಕೇಳಿತು. ಏರಿಯ ಮೇಲೆ ಮಡಚುವ ಕುರ್ಚಿಯಲ್ಲಿ ಕುಳಿತು, ಅವು ಎಲ್ಲಿಂದ ಬರುವವೆಂದು ಕೇಳಿ ತಿಳಿದುಕೊಂಡಳು.

“ವರ್ಷಾ ಬರತಾವೇನು?”

“ವರ್ಷಾ ಬರುವವು.”

“ಹಂಗಾದರ ತಮ್ಮಗ ಬರಿ. ನಾ ಅಲ್ಲಿಗೆ ಬರೂದಿಲ್ಲ. ಇವು ಬರೂ ಹೊತ್ತಿಗೆ ಅವನ ಬರಲಿ, ಗದಗಿಗೆ ಕರಕೊಂಡು ಹೋಗತೀನಂತ ಬರಿ. ಕೆಳಗಿನ ಖೋಲೀನ ಹಿಡೀಬೇಕು ಮತ್ತ.”

ಅಂದೇ ರಾತ್ರಿ ಬರೆದೆವು. ನವಂಬರದ ಮೂರನೆಯ ವಾರಕ್ಕೆ ಚೀಟಿ ತೆಗೆಸಿದ್ದೇನೆಂದು ಅವನ ಉತ್ತರ ಬಂದಿದೆ.